ಹೊನಗೊನ್ನೆ ಸೊಪ್ಪು ಮತ್ತು ಕಣ್ಣಿನ ಆರೋಗ್ಯ

ಹೈದರಾಬಾದಿನ ಸಂತೆಗಳಲ್ಲಿ ‘ಪೊನ್ನಗಂಟಿ ಕೂರ’ ಎಂದು ಮಾರುವ ಸೊಪ್ಪು ನಮ್ಮ ಹೊನಗೊನ್ನೆಯೇ ಆಗಿದೆ. ದಂಟಿನ ಕುಟುಂಬಕ್ಕೆ ಸೇರಿದ ಈ ಸಸ್ಯವು ತೇವವುಳ್ಳ ನೆಲದಲ್ಲಿ ಹರಡಿ ಬೆಳೆಯುತ್ತದೆ. ಎಲೆಗಳ ಬುಡದಲ್ಲಿ ಪುಟ್ಟ ಬಿಳಿಯ ಹೂಗೊಂಚಲುಗಳಿರುತ್ತವೆ. ಸಂಸ್ಕೃತದಲ್ಲಿ ಇದಕ್ಕೆ ಮತ್ಸ್ಯಾಕ್ಷಿ ಎಂದು ಹೆಸರು.

ಇದು ದೇಹಕ್ಕೆ ತಂಪು, ಬಾಣಂತಿಯರಿಗೆ ಹಿತ, ಎಲ್ಲಕ್ಕಿಂತ ಮಿಗಿಲಾಗಿ ಕಣ್ಣಿಗೆ ಒಳ್ಳೆಯದು ಎಂಬುದು ಹಿರಿಯರ ನಂಬಿಕೆ. ಈ ಕೊನೆಯ ಮಾತಿಗೆ ವಿಜ್ಞಾನದ ಆಧಾರವೂ ಉಂಟು. ಹಸಿರು ಸೊಪ್ಪುಗಳಲ್ಲಿರುವ ಬೀಟಾ ಕ್ಯಾರೋಟಿನ್ ನಮ್ಮ ದೇಹದಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುತ್ತದೆ. ಮಂದ ಬೆಳಕಿನಲ್ಲಿ ಕಾಣಲು ಅಕ್ಷಿಪಟಲಕ್ಕೆ ಈ ಸತ್ವ ಅವಶ್ಯಕ. ಅದರ ಕೊರತೆಯಿಂದ ಮೊದಲು ಇರುಳುಗುರುಡು ಉಂಟಾಗಿ, ಅಲಕ್ಷಿಸಿದರೆ ಮಕ್ಕಳು ಶಾಶ್ವತವಾಗಿ ದೃಷ್ಟಿ ಕಳೆದುಕೊಳ್ಳಬಹುದು.

ಈ ವ್ಯಾಧಿಯನ್ನು ತಡೆಯುವಲ್ಲಿ ನಮ್ಮ ನಗರದ ಪಾತ್ರ ಹಿರಿದು. 1918ರಲ್ಲಿ ಕೂನೂರಿನಲ್ಲಿ ಆರಂಭಗೊಂಡು 1958ರಲ್ಲಿ ಹೈದರಾಬಾದಿಗೆ ಬಂದ ಸಂಶೋಧನಾಲಯವೇ ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ. ಅದರ ಸಂಶೋಧನೆಯ ಆಧಾರದ ಮೇಲೆ, ಮಕ್ಕಳಿಗೆ 6 ತಿಂಗಳಿಗೊಮ್ಮೆ ‘ಎ’ ಜೀವಸತ್ವದ ದ್ರಾವಣವನ್ನು ಕುಡಿಸುವ ರಾಷ್ಟ್ರೀಯ ಯೋಜನೆಯು 1970ರಲ್ಲಿ ಜಾರಿಗೆ ಬಂದಿತು.

ಆದರೆ ಸೊಪ್ಪಿನ ಗುಣಕ್ಕೂ ಮಿತಿಯುಂಟು. ಹೊನಗೊನ್ನೆ ತಿಂದರೆ ಕನ್ನಡಕ ಬಿಡಬಹುದು, ಪೊರೆ ಕರಗುತ್ತದೆ ಎಂಬ ಮಾತುಗಳನ್ನು ನಂಬಲಾಗದು. ಅದರ ರಸವನ್ನು ಕಣ್ಣಿಗೆ ಹಿಂಡುವುದಂತೂ ಅಪಾಯಕರ. ಮುಸ್ಸಂಜೆಯಲ್ಲಿ ಮಗು ತಡವರಿಸಿ ನಡೆದರೆ ಸೊಪ್ಪನ್ನೇ ನೆಚ್ಚಿ ಕೂರದೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಇದರಲ್ಲಿ ಆಕ್ಸಲೇಟ್ ಇರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾದವರು ವೈದ್ಯರ ಸಲಹೆ ಪಡೆದೇ ಉಪಯೋಗಿಸುವುದು ಲೇಸು.

ಅಡುಗೆಯಲ್ಲಿ ಒಂದು ಸೂಕ್ಷ್ಮವನ್ನು ಗೃಹಿಣಿಯರು ಗಮನಿಸಬೇಕು. ಕ್ಯಾರೋಟಿನ್ ರಕ್ತಗತವಾಗಲು ಜಿಡ್ಡು ಬೇಕು. ಆದುದರಿಂದ ಎಳೆಯ ಕುಡಿಗಳನ್ನು ತೊಗರಿಬೇಳೆಯೊಡನೆ ಬೇಯಿಸಿ, ಎಣ್ಣೆಯ ಒಗ್ಗರಣೆ ಕೊಟ್ಟ ಹುಳಿ ಅಥವಾ ಪಲ್ಯವೇ ಉತ್ತಮ. ಮೇಲೆ ನಿಂಬೆರಸ ಹಿಂಡಿದರೆ ಸೊಪ್ಪಿನ ಕಬ್ಬಿಣದ ಅಂಶವೂ ಚೆನ್ನಾಗಿ ಹೀರಲ್ಪಡುತ್ತದೆ.

ಸೊಪ್ಪು ಬೆಳೆದ ಸ್ಥಳವೂ ಮುಖ್ಯ. ಮೂಸಿ ನದಿಯ ಬಯಲಿನಲ್ಲಿ ನಗರದ ಕೊಳಚೆ ಬೆರೆತ ನೀರಿನಿಂದ ಸೊಪ್ಪು ಬೆಳೆಯುವುದುಂಟು. ರೋಗಾಣುಗಳು ತೊಳೆದು ಬೇಯಿಸುವುದರಿಂದ ನಾಶವಾದರೂ ಸೀಸದಂತಹ ಲೋಹಗಳು ಹೋಗವು. ಹೊನಗೊನ್ನೆಯ ಕಡ್ಡಿಯನ್ನು ನೆಟ್ಟರೆ ಸುಲಭವಾಗಿ ಚಿಗುರುತ್ತದೆ. ಶುದ್ಧವಾದ ಮಣ್ಣು ತುಂಬಿದ ಒಂದು ಕುಂಡ ಸಾಕು. ಮನೆಯ ಮುಂದೆ ಬೆಳೆದ ಈ ಸೊಪ್ಪು ವಾರಕ್ಕೆರಡು ಬಾರಿಯಾದರೂ ಮಕ್ಕಳ ತಟ್ಟೆಗೆ ಬೀಳಲಿ.