ಆಸ್ತಿ ತೆರಿಗೆ ಮತ್ತು ಗೃಹ ವಿಮೆ: ನಿಡಗುಂದಿ ಪಟ್ಟಣದ ಮನೆ ಮಾಲೀಕರಿಗೆ ತಿಳಿವಳಿಕೆ

ಆಸ್ತಿ ತೆರಿಗೆ ಪಾವತಿಸಲು, ಖಾತಾ ಉತಾರ ಪಡೆಯಲು ಅಥವಾ ಮನೆ ಹಾನಿಯ ಪರಿಹಾರಕ್ಕೆ ಅರ್ಜಿ ಸಲ್ಲಿಸಲು ಬರುವ ನಾಗರಿಕರು ಪದೇ ಪದೇ ಕೇಳುವ ಪ್ರಶ್ನೆಗಳು ಎರಡು. ನನ್ನ ಹಳೆಯ ಮನೆಗೆ ಪಕ್ಕದ ಓಣಿಯ ಹೊಸ ಮನೆಗಿಂತ ಹೆಚ್ಚು ತೆರಿಗೆ ಏಕೆ? ಇಷ್ಟು ವರ್ಷ ತೆರಿಗೆ ಕಟ್ಟಿದ್ದರೂ ಮನೆ ಬಿದ್ದಾಗ ಅದರ ಬೆಲೆ ಏಕೆ ದೊರೆಯುವುದಿಲ್ಲ? ಈ ಪ್ರಶ್ನೆಗಳಿಗೆ ಸಾಧ್ಯವಾದಷ್ಟು ಸ್ಪಷ್ಟವಾದ ಉತ್ತರ ನೀಡುವುದು ಈ ಪುಟದ ಉದ್ದೇಶವಾಗಿದೆ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಯಲ್ಲಿ ಅಂದಿನ ಬಿಜಾಪುರ ಜಿಲ್ಲೆಯ ಮಣ್ಣಿನ ಮಾಳಿಗೆ ಮನೆಗಳು ಸಾಲುಸಾಲಾಗಿ ಕುಸಿದದ್ದನ್ನು ಹಿರಿಯರು ಮರೆತಿರಲಾರರು. ಅಂತಹ ಮಳೆಗಾಲದ ನಂತರ ಕಚೇರಿಗೆ ಬಂದ ಹಿರಿಯರೊಬ್ಬರು ಹಲವು ವರ್ಷಗಳ ತೆರಿಗೆ ರಸೀದಿಗಳನ್ನು ದಾರದಲ್ಲಿ ಪೋಣಿಸಿ ತಂದಿದ್ದರು. ಒಂದು ವರ್ಷವೂ ಬಾಕಿ ಇರಲಿಲ್ಲ. ಆ ರಸೀದಿಗಳು ಮನೆಗೆ ಒಂದು ರೀತಿಯ ರಕ್ಷಣೆ ಎಂದು ಅವರು ನಂಬಿದ್ದರು. ಹಾಗಲ್ಲವೆಂದು ಅವರಿಗೆ ತಿಳಿಸುವುದು ಸುಲಭವಾಗಿರಲಿಲ್ಲ.

ತೆರಿಗೆ ಹೇಗೆ ನಿಗದಿಯಾಗುತ್ತದೆ

ರಾಜ್ಯದ ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಆಸ್ತಿ ತೆರಿಗೆಯನ್ನು ಕರ್ನಾಟಕ ಪೌರಸಭೆಗಳ ಅಧಿನಿಯಮ, 1964ರ ಅಡಿಯಲ್ಲಿ ವಿಧಿಸಲಾಗುತ್ತದೆ. 2002ಕ್ಕಿಂತ ಮೊದಲು ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದೆಂಬ ಅಂದಾಜಿನ ಮೇಲೆ ತೆರಿಗೆ ನಿಗದಿಯಾಗುತ್ತಿತ್ತು. ಬಾಡಿಗೆಯ ರೂಢಿಯೇ ಇಲ್ಲದ ಓಣಿಗಳಲ್ಲಿ ಈ ಅಂದಾಜು ಅಳೆಯಲು ಬಂದ ಸಿಬ್ಬಂದಿಯ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳಿಗೆ ಬೇರೆ ಬೇರೆ ತೆರಿಗೆ ಬಂದರೂ ಕಾರಣ ಕೇಳಲು ಆಧಾರವಿರಲಿಲ್ಲ. 2002-03ನೇ ಸಾಲಿನಿಂದ ಬಂಡವಾಳ ಮೌಲ್ಯ ಆಧಾರಿತ ಸ್ವಯಂ ಘೋಷಣೆ ಪದ್ಧತಿ ಜಾರಿಗೆ ಬಂದಿತು. ಈಗ ಮಾಲೀಕರೇ ತಮ್ಮ ನಿವೇಶನ ಮತ್ತು ಕಟ್ಟಡದ ಅಳತೆ, ಬಳಕೆ, ಕಟ್ಟಿದ ವರ್ಷಗಳನ್ನು ಘೋಷಿಸಿ ತೆರಿಗೆ ಲೆಕ್ಕ ಹಾಕಿ ಪಾವತಿಸಬೇಕು.

ನಿಡಗುಂದಿಯು ಮೊದಲು ಗ್ರಾಮ ಪಂಚಾಯಿತಿಯಾಗಿದ್ದು ನಂತರ ಪಟ್ಟಣ ಪಂಚಾಯಿತಿಯಾದ ಊರು. ಗ್ರಾಮ ಪಂಚಾಯಿತಿಯ ತೆರಿಗೆಗೆ ಬೇರೆ ಅಧಿನಿಯಮ, ಬೇರೆ ಲೆಕ್ಕ ಅನ್ವಯಿಸುತ್ತದೆ. ಆದ್ದರಿಂದ ಹಳೆಯ ಗ್ರಾಮ ಪಂಚಾಯಿತಿ ರಸೀದಿಯನ್ನು ಇಂದಿನ ರಸೀದಿಯ ಪಕ್ಕದಲ್ಲಿಟ್ಟು ಹೋಲಿಸುವುದು ಸರಿಯಾಗುವುದಿಲ್ಲ.

ಈ ಲೆಕ್ಕದ ಬುನಾದಿ ನೋಂದಣಿ ಮತ್ತು ಮುದ್ರಾಂಕ ಇಲಾಖೆಯು ಪ್ರಕಟಿಸುವ ಮಾರ್ಗಸೂಚಿ ಮೌಲ್ಯ. 2021ರ ತಿದ್ದುಪಡಿಯಂತೆ ಈ ಮೌಲ್ಯದ ಶೇ. 25ರಷ್ಟನ್ನು ಮಾತ್ರ ತೆರಿಗೆಗೆ ಪರಿಗಣಿಸಲಾಗುತ್ತದೆ. ಅದರ ಮೇಲೆ ವಾಸದ ಕಟ್ಟಡಗಳಿಗೆ ಶೇ. 0.2ರಿಂದ 1.5ರವರೆಗೆ, ವಾಣಿಜ್ಯ ಕಟ್ಟಡಗಳಿಗೆ ಶೇ. 0.5ರಿಂದ 3ರವರೆಗೆ ದರ ನಿಗದಿಪಡಿಸಲು ಸ್ಥಳೀಯ ಸಂಸ್ಥೆಗೆ ಅವಕಾಶವಿದೆ. ವರ್ಷಕ್ಕೆ ಶೇ. 3ರಿಂದ 5ರ ಮಿತಿಯಲ್ಲಿ ತೆರಿಗೆ ಏರಿಕೆಗೂ ಅದೇ ತಿದ್ದುಪಡಿಯಲ್ಲಿ ಅವಕಾಶವಿದೆ. ಮನೆಯ ಮುಂದಿನ ಕೋಣೆಯಲ್ಲಿ ಕಿರಾಣಿ ಅಂಗಡಿ ಇದ್ದಲ್ಲಿ ಆ ಭಾಗವನ್ನು ಮಾತ್ರ ವಾಣಿಜ್ಯ ಎಂದು ಘೋಷಿಸಿದರೆ ಸಾಕು. ಇಡೀ ಮನೆಯನ್ನು ವಾಣಿಜ್ಯ ಎಂದು ಬರೆದುಕೊಟ್ಟು ಹೆಚ್ಚು ತೆರಿಗೆ ಕಟ್ಟುವವರೂ ಇದ್ದಾರೆ.

ಎರಡು ಮನೆಗಳ ಉದಾಹರಣೆ

ಕೆಳಗಿನ ದರಗಳು ವಿವರಣೆಗಾಗಿ ಇಟ್ಟುಕೊಂಡವು. ಇವು ಪಟ್ಟಣದ ವಾಸ್ತವ ದರಗಳಲ್ಲ.

ಮೊದಲನೆಯದು ರಾಷ್ಟ್ರೀಯ ಹೆದ್ದಾರಿ 50ರ ಬದಿಯ 1,200 ಚದರ ಅಡಿ ನಿವೇಶನದಲ್ಲಿರುವ, 800 ಚದರ ಅಡಿಯ ಹಳೆಯ ಮಾಳಿಗೆ ಮನೆ. ಅಲ್ಲಿ ಜಾಗದ ಮಾರ್ಗಸೂಚಿ ಮೌಲ್ಯ ಚದರ ಅಡಿಗೆ 1,000 ರೂ. ಎಂದಿಟ್ಟುಕೊಂಡರೆ ಜಾಗಕ್ಕೆ 12,00,000 ರೂ. ಆಗುತ್ತದೆ. ಸವಕಳಿ ಕಳೆದು ಕಟ್ಟಡಕ್ಕೆ ಉಳಿಯುವುದು 2,00,000 ರೂ. ಒಟ್ಟು 14,00,000 ರೂ.ಗಳ ಶೇ. 25 ಎಂದರೆ 3,50,000 ರೂ. ಶೇ. 0.5ರ ದರದಲ್ಲಿ ತೆರಿಗೆ 1,750 ರೂ.

ಎರಡನೆಯದು ಗಾಂವಠಾಣದ ಒಳಗಿನ ಓಣಿಯಲ್ಲಿ ಅಷ್ಟೇ ಅಳತೆಯ ನಿವೇಶನದಲ್ಲಿ ಹೊಸದಾಗಿ ಕಟ್ಟಿದ, ಅಷ್ಟೇ ವಿಸ್ತೀರ್ಣದ ಆರ್‌ಸಿಸಿ ಮನೆ. ಜಾಗ ಚದರ ಅಡಿಗೆ 300 ರೂ.ನಂತೆ 3,60,000 ರೂ., ಕಟ್ಟಡ 8,00,000 ರೂ., ಒಟ್ಟು 11,60,000 ರೂ. ಇದರ ಶೇ. 25 ಎಂದರೆ 2,90,000 ರೂ. ತೆರಿಗೆ 1,450 ರೂ.

ಈ ಮೊತ್ತಗಳ ಮೇಲೆ ಆರೋಗ್ಯ ಉಪಕರ ಶೇ. 15, ಗ್ರಂಥಾಲಯ ಉಪಕರ ಶೇ. 6, ಭಿಕ್ಷುಕರ ಉಪಕರ ಶೇ. 3, ಹೀಗೆ ಒಟ್ಟು ಶೇ. 24 ಸೇರುತ್ತದೆ. ಮೊದಲ ಮನೆಗೆ 2,170 ರೂ., ಎರಡನೆಯದಕ್ಕೆ 1,798 ರೂ. ಆಗುತ್ತದೆ. ಘನತ್ಯಾಜ್ಯ ನಿರ್ವಹಣೆಯ ಶುಲ್ಕ ಪ್ರತ್ಯೇಕ. ಉಪಕರಗಳು ಪಟ್ಟಣ ಪಂಚಾಯಿತಿಯಲ್ಲಿ ಉಳಿಯುವ ಹಣವಲ್ಲ. ಅವು ಆಯಾ ಕಾಯ್ದೆಯಲ್ಲಿ ಹೇಳಿದ ಉದ್ದೇಶಕ್ಕೆ ಸಂದಾಯವಾಗುತ್ತವೆ. ಬೀದಿ ದೀಪ, ಚರಂಡಿಗಳಿಗೆ ಒದಗುವುದು ತೆರಿಗೆಯ ಭಾಗ ಮಾತ್ರ.

ಹಳೆಯ ಮಾಳಿಗೆಗೆ ಹೆಚ್ಚು ತೆರಿಗೆ ಬಂದ ಕಾರಣ ಈಗ ತಿಳಿಯುತ್ತದೆ. ತೆರಿಗೆ ಬಹುಮಟ್ಟಿಗೆ ಬಿದ್ದಿರುವುದು ಮಣ್ಣಿನ ಗೋಡೆಯ ಮೇಲಲ್ಲ, ಅದು ನಿಂತಿರುವ ಜಾಗದ ಮೇಲೆ.

ಇದು ನ್ಯಾಯವೇ

ಹೆದ್ದಾರಿ, ನೀರಿನ ಕೊಳವೆ, ದೀಪ ಮುಂತಾದ ಸಾರ್ವಜನಿಕ ವೆಚ್ಚದಿಂದಲೇ ಜಾಗದ ಬೆಲೆ ಏರುತ್ತದೆ. ಏರಿದ ಬೆಲೆಯ ಒಂದು ಸಣ್ಣ ಪಾಲು ಊರಿಗೆ ಹಿಂದಿರುಗಬೇಕೆಂಬುದು ಈ ಪದ್ಧತಿಯ ತರ್ಕ. ಬಾಡಿಗೆ ಅಂದಾಜಿನ ಹಳೆಯ ಪದ್ಧತಿಗಿಂತ ಇದು ಮೇಲು. ಲೆಕ್ಕದ ಪ್ರತಿ ಅಂಕಿಯನ್ನೂ ನಾಗರಿಕರು ಸ್ವತಃ ಪರಿಶೀಲಿಸಬಹುದು.

ಆದರೆ ಪಿಂಚಣಿಯೊಂದನ್ನೇ ನಂಬಿ ಹೆದ್ದಾರಿ ಬದಿಯ ಹಳೆಯ ಮನೆಯಲ್ಲಿರುವ ವೃದ್ಧೆಯ ವಿಷಯವೇನು? ಜಾಗದ ಬೆಲೆ ಏರಿದ ಮಾತ್ರಕ್ಕೆ ಅವರ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಮಾರಿದರೆ ಮಾತ್ರ ಬರುತ್ತದೆ, ಮಾರಿದರೆ ಮನೆ ಇರುವುದಿಲ್ಲ. ಈ ತೆರಿಗೆ ಮಾಲೀಕರ ಆದಾಯವನ್ನು ನೋಡುವುದಿಲ್ಲ, ಆಸ್ತಿಯನ್ನು ಮಾತ್ರ ನೋಡುತ್ತದೆ. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ಹೇಳಲಾಗದು.

ಏರಿಕೆಯನ್ನು ಬಿಗಿಯಾಗಿ ಕಟ್ಟಿಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ನಿದರ್ಶನವಿದೆ. ಅಲ್ಲಿ 1978ರಲ್ಲಿ ಜನಮತದ ಮೂಲಕ ತೆರಿಗೆ ದರವನ್ನು ಶೇ. 1ಕ್ಕೆ, ಮೌಲ್ಯದ ವಾರ್ಷಿಕ ಏರಿಕೆಯನ್ನು ಶೇ. 2ಕ್ಕೆ ಮಿತಿಗೊಳಿಸಲಾಯಿತು. ಮನೆ ಮಾರಾಟವಾದಾಗ ಮಾತ್ರ ಹೊಸ ಬೆಲೆ ಲೆಕ್ಕಕ್ಕೆ ಬರುತ್ತದೆ. ಹಳೆಯ ಮಾಲೀಕರಿಗೆ ನೆಮ್ಮದಿಯಾಯಿತು. ಆದರೆ ಒಂದೇ ಬೀದಿಯ ಒಂದೇ ಬಗೆಯ ಮನೆಗಳಿಗೆ, ಕೊಂಡ ವರ್ಷ ಬೇರೆ ಎಂಬ ಕಾರಣಕ್ಕೆ, ಹಲವು ಪಟ್ಟು ಅಂತರದ ತೆರಿಗೆ ಬೀಳತೊಡಗಿತು. ಒಬ್ಬರ ಹೊರೆ ಇಳಿಸಿದಾಗ ಅದು ಇನ್ನೊಬ್ಬರ ಹೆಗಲಿಗೆ ಹೋಗುತ್ತದೆ.

ಸಂದೇಹವಿದ್ದಲ್ಲಿ ಮೊದಲು ನೋಡಬೇಕಾದದ್ದು ತೆರಿಗೆಯ ಮೊತ್ತವನ್ನಲ್ಲ, ಅದರ ಹಿಂದಿನ ವಿವರಗಳನ್ನು. ಕಟ್ಟಡದ ಅಳತೆ ಸರಿಯಿದೆಯೇ? ಕಟ್ಟಿದ ವರ್ಷ ಸರಿಯಾಗಿ ದಾಖಲಾಗಿದೆಯೇ? ವರ್ಷ ತಪ್ಪಾದರೆ ಸವಕಳಿಯೂ ತಪ್ಪುತ್ತದೆ. ನಿಮ್ಮ ಓಣಿಯನ್ನು ಹೆದ್ದಾರಿ ಬದಿಯ ದರದಲ್ಲಿ ಸೇರಿಸಲಾಗಿದೆಯೇ? ಇವುಗಳಲ್ಲಿ ತಪ್ಪಿದ್ದರೆ ಮುಖ್ಯಾಧಿಕಾರಿಯವರಿಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಮಾರ್ಗಸೂಚಿ ಮೌಲ್ಯವೇ ಹೆಚ್ಚೆನಿಸಿದರೆ ಅದು ಪಟ್ಟಣ ಪಂಚಾಯಿತಿಯ ಕೈಯಲ್ಲಿಲ್ಲ. ಪರಿಷ್ಕರಣೆಯ ಕರಡು ಪ್ರಕಟವಾದಾಗ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಕ್ಷೇಪಣೆ ಸಲ್ಲಿಸಬೇಕು. ರಾಜ್ಯಾದ್ಯಂತ ಪರಿಷ್ಕೃತ ಮೌಲ್ಯ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಕರಡಿನ ಹಂತದಲ್ಲಿ ಸುಮ್ಮನಿದ್ದು ರಸೀದಿ ಬಂದ ಮೇಲೆ ವಾದಿಸಿದರೆ ಪ್ರಯೋಜನ ಕಡಿಮೆ. ದರಗಳನ್ನು ಕಾವೇರಿ ಜಾಲತಾಣದಲ್ಲಿ ನೋಡಬಹುದು.

ವಿಮೆಯ ಲೆಕ್ಕ ಬೇರೆ

ತೆರಿಗೆಯು ಊರಿನ ಸೌಲಭ್ಯಕ್ಕೆ ಕಟ್ಟುವ ಹಣ. ಅದು ಮನೆಯ ವಿಮೆಯಲ್ಲ, ಒಡೆತನದ ಪುರಾವೆಯೂ ಅಲ್ಲ. ಮನೆ ಬಿದ್ದಾಗ ಸರ್ಕಾರದಿಂದ ದೊರೆಯುವುದು ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ನೀಡುವ ನೆರವು. 2022-23ರಿಂದ 2025-26ರ ಅವಧಿಗೆ ಕೇಂದ್ರದ ಮಾನದಂಡದಲ್ಲಿ ಬಯಲು ಪ್ರದೇಶದ ಮನೆ ಪೂರ್ಣ ಹಾನಿಯಾದರೆ 1,20,000 ರೂ., ಪಕ್ಕಾ ಮನೆಗೆ ಭಾಗಶಃ ಹಾನಿಯಾದರೆ 6,500 ರೂ., ಕಚ್ಚಾ ಮನೆಗೆ 4,000 ರೂ. ನಿಗದಿಯಾಗಿತ್ತು. ರಾಜ್ಯ ಸರ್ಕಾರ ಕೆಲವು ವರ್ಷ ತನ್ನ ಪಾಲು ಸೇರಿಸಿ ಹೆಚ್ಚು ನೀಡಿದ್ದುಂಟು. 2019ರ ಪ್ರವಾಹದಲ್ಲಿ ಪೂರ್ಣ ಹಾನಿಯಾದ ಮನೆಗೆ 5 ಲಕ್ಷ ರೂ. ಘೋಷಿಸಲಾಗಿತ್ತು. ಆದರೆ ಅದು ಆಯಾ ವರ್ಷದ ತೀರ್ಮಾನ. ಅದನ್ನೇ ನಂಬಿ ಕೂರುವಂತಿಲ್ಲ.

ಮನೆಯನ್ನು ಪುನಃ ಕಟ್ಟುವ ಪೂರ್ಣ ವೆಚ್ಚಕ್ಕೆ ಇರುವ ದಾರಿ ಗೃಹ ವಿಮೆ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯನ್ನು ನೀಡುತ್ತಿವೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ ಮುಂತಾದವು ಇದರ ವ್ಯಾಪ್ತಿಗೆ ಬರುತ್ತವೆ. ಷರತ್ತುಗಳು ಎಲ್ಲೆಡೆ ಒಂದೇ. ಕಂತು ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ. ಆದ್ದರಿಂದ ಎರಡು ಮೂರು ಕಡೆ ವಿಚಾರಿಸಿ ಪಡೆಯುವುದು ಲಾಭಕರ.

ಇಲ್ಲಿ ಆಗುವ ದೊಡ್ಡ ತಪ್ಪೊಂದಿದೆ. ವಿಮಾ ಮೊತ್ತ ಎಷ್ಟು ಬರೆಯಲಿ ಎಂದು ಕೇಳಿದಾಗ ಕೆಲವರು ತೆರಿಗೆ ಪತ್ರದ ಮೌಲ್ಯವನ್ನೇ ತೋರಿಸುತ್ತಾರೆ. ತೆರಿಗೆಯ ಲೆಕ್ಕದಲ್ಲಿ ಜಾಗ ಸೇರಿರುತ್ತದೆ, ಕಟ್ಟಡದ ಸವಕಳಿ ಕಳೆದಿರುತ್ತದೆ, ಉಳಿದದ್ದರಲ್ಲಿ ಕಾಲುಭಾಗ ಮಾತ್ರ ಹಿಡಿದಿರುತ್ತದೆ. ವಿಮೆಯ ಲೆಕ್ಕದಲ್ಲಿ ಜಾಗ ಸೇರುವುದೇ ಇಲ್ಲ, ಏಕೆಂದರೆ ಮನೆ ಬಿದ್ದರೂ ಜಾಗ ಎಲ್ಲಿಗೂ ಹೋಗುವುದಿಲ್ಲ. ಅದೇ ಮನೆಯನ್ನು ಇಂದಿನ ದರದಲ್ಲಿ ಮತ್ತೆ ಕಟ್ಟಲು ಎಷ್ಟು ಬೇಕೆಂಬುದೊಂದೇ ಅಲ್ಲಿನ ಪ್ರಶ್ನೆ.

ಮೇಲಿನ ಮಾಳಿಗೆ ಮನೆಯನ್ನೇ ನೋಡೋಣ. ಹೊರಗೋಡೆಗಳು ದಪ್ಪವಾದ್ದರಿಂದ ಅವುಗಳನ್ನು ಬಿಟ್ಟು ಒಳಗಿನ ಬಳಕೆಯ ವಿಸ್ತೀರ್ಣ 600 ಚದರ ಅಡಿ, ಕಟ್ಟುವ ವೆಚ್ಚ ಚದರ ಅಡಿಗೆ 2,000 ರೂ. ಎಂದಿಟ್ಟುಕೊಂಡರೆ ವಿಮಾ ಮೊತ್ತ 12,00,000 ರೂ. ಆಗಬೇಕು. ಮನೆಯೊಳಗಿನ ಸಾಮಾನುಗಳಿಗೆ ಅದರ ಶೇ. 20, ಅಂದರೆ 2,40,000 ರೂ. ತಾನಾಗಿಯೇ ಸೇರುತ್ತದೆ (ಗರಿಷ್ಠ ಮಿತಿ 10 ಲಕ್ಷ ರೂ.). ತೆರಿಗೆ ಪತ್ರ ನೋಡಿ 3,50,000 ರೂ. ಬರೆಸಿದವರಿಗೆ ಮನೆ ಪೂರ್ತಿ ಬಿದ್ದರೂ ಕಟ್ಟಡಕ್ಕೆ ಅಷ್ಟೇ. ಕಂತಿನಲ್ಲಿ ಉಳಿದದ್ದು ವರ್ಷಕ್ಕೆ ಅಲ್ಪ ಮೊತ್ತ, ಕಳೆದುಕೊಂಡದ್ದು ಎಂಟೂವರೆ ಲಕ್ಷ.

ಮಾಳಿಗೆ ಮನೆಯವರು ಗಮನಿಸಬೇಕಾದ ಮಾತೊಂದಿದೆ. ಮನೆ ಹಳೆಯದಾಗಿ ತಾನಾಗಿಯೇ ಸವೆದು ಬೀಳುವುದು, ವರ್ಷಗಟ್ಟಲೆ ಒಸರುವ ತೇವದಿಂದ ಗೋಡೆ ಕೆಡುವುದು ವಿಮೆಯ ವ್ಯಾಪ್ತಿಗೆ ಬರುವುದಿಲ್ಲ. ಗೋಡೆ ಬಿದ್ದದ್ದು ಬಿರುಮಳೆಯಿಂದಲೋ ಹಳೆಯ ತೇವದಿಂದಲೋ ಎಂಬಲ್ಲಿಯೇ ತಕರಾರು ಹುಟ್ಟುತ್ತದೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸಿ, ದಿನಾಂಕವಿರುವ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಉತ್ತಮ. ಮನೆ ಬಿದ್ದ ಮೇಲೆ ಸಮೀಕ್ಷಕರು ಬರುವವರೆಗೆ ಅವಶೇಷವನ್ನು ತೆರವುಗೊಳಿಸಬಾರದು. ಅಪಾಯವಿದ್ದಲ್ಲಿ ಮೊದಲು ಚಿತ್ರ ತೆಗೆಯತಕ್ಕದ್ದು.

ಗೃಹ ಸಾಲ ಪಡೆದವರು ತಮ್ಮ ವಿಮಾ ಪತ್ರವನ್ನು ಒಮ್ಮೆ ತೆರೆದು ನೋಡುವುದು. ಸಾಲದೊಂದಿಗೆ ಕೊಟ್ಟ ವಿಮೆ ಎಷ್ಟೋ ಸಲ ಸಾಲಗಾರರ ಜೀವಕ್ಕೆ ಸಂಬಂಧಿಸಿದ್ದಾಗಿರುತ್ತದೆ, ಮನೆಗೆ ಸಂಬಂಧಿಸಿದ್ದಲ್ಲ. ವಿಮಾ ಕಂಪನಿ ದೂರಿಗೆ ಒಂದು ತಿಂಗಳೊಳಗೆ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರ ಕಚೇರಿಗೆ ಶುಲ್ಕವಿಲ್ಲದೆ ದೂರು ನೀಡಬಹುದು.

ಖಾತಾ ಉತಾರದ ವಿಷಯ

ಪರಿಹಾರವಿರಲಿ, ವಿಮೆಯಿರಲಿ, ಮನೆ ಯಾರದೆಂಬ ಪ್ರಶ್ನೆ ಮೊದಲು ಬರುತ್ತದೆ. ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಉಳಿದ ಉತಾರಗಳಿಂದಾಗಿ, ಮನೆ ಕಳೆದುಕೊಂಡ ಕುಟುಂಬಗಳು ವಾರಸಾ ದಾಖಲೆಗಾಗಿ ಅಲೆಯುವುದು ಪ್ರತಿ ಮಳೆಗಾಲದ ನೋಟ. ಮನೆ ನಿಂತಿರುವಾಗಲೇ ಈ ಕೆಲಸ ಮುಗಿಸಿಕೊಳ್ಳುವುದು ಲೇಸು. ಅನುಮೋದನೆಯಿಲ್ಲದ ಬಡಾವಣೆಗಳ ಆಸ್ತಿಗಳಿಗೆ ಬಿ-ಖಾತಾ ನೀಡುವ ಅಭಿಯಾನ 2025ರ ಫೆಬ್ರವರಿಯಲ್ಲಿ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಆರಂಭವಾಯಿತು. ಅದರಲ್ಲಿ ಮೊದಲ ಬಾರಿಗೆ ಎರಡು ಪಟ್ಟು ತೆರಿಗೆ ಪಾವತಿಸಬೇಕಿತ್ತು. ಬಿ-ಖಾತಾ ದೊರೆತ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ.

ವರ್ಷದ ತೆರಿಗೆಯನ್ನು ಏಪ್ರಿಲ್ ತಿಂಗಳಲ್ಲಿ ಪೂರ್ಣವಾಗಿ ಪಾವತಿಸಿದವರಿಗೆ ತೆರಿಗೆ ಮೊತ್ತದ ಮೇಲೆ ಶೇ. 5 ರಿಯಾಯಿತಿ ಇದೆ. ಮೇ ಮತ್ತು ಜೂನ್ ತಿಂಗಳಲ್ಲಿ ದಂಡವಿಲ್ಲ. ಜುಲೈನಿಂದ ತಿಂಗಳಿಗೆ ಶೇ. 2 ದಂಡ ಬೀಳುತ್ತದೆ. ಅರ್ಜಿಯೊಂದಿಗೆ ಹಿಂದಿನ ವರ್ಷದ ರಸೀದಿ, ನೋಂದಾಯಿತ ಪತ್ರ ಅಥವಾ ಹಕ್ಕುಪತ್ರದ ಪ್ರತಿ, ಗುರುತಿನ ಚೀಟಿ ಮತ್ತು ಮನೆಯ ಮುಂಭಾಗದ ಛಾಯಾಚಿತ್ರವನ್ನು ತರುವುದು. ಪುನರ್ವಸತಿ ಕೇಂದ್ರದ ನಿವೇಶನದಾರರು ಹಕ್ಕುಪತ್ರದ ಮೂಲ ಪ್ರತಿಯನ್ನೂ ಪರಿಶೀಲನೆಗೆ ತರತಕ್ಕದ್ದು. ಮೂಲ ಪ್ರತಿಯನ್ನು ಅಲ್ಲಿಯೇ ಹಿಂದಿರುಗಿ ಪಡೆಯತಕ್ಕದ್ದು.