ಚಳಿಗಾಲದ ನೀರುಹಕ್ಕಿಗಳು: ಶಿವಡಿಯಿಂದ ಭಿಗವಣದ ವರೆಗೆ

ಚಳಿಗಾಲ ಕಾಲಿಟ್ಟಿತೆಂದರೆ ಮುಂಬಯಿಗೆ ಸಾವಿರಾರು ಅತಿಥಿಗಳು ಬಂದಿಳಿಯುತ್ತಾರೆ. ಅವರಿಗೆ ರೈಲಿನ ಟಿಕೀಟು ಬೇಡ, ಖೋಲಿಗೆ ಡಿಪಾಜಿಟ್ಟು ಬೇಡ. ಹೊಟ್ಟೆಪಾಡಿಗಾಗಿ ಬರುತ್ತಾರೆ, ಕಾಲ ಬಂದಾಗ ತಮ್ಮ ಊರಿಗೆ ಮರಳುತ್ತಾರೆ. ನಾವು ಹೇಳುತ್ತಿರುವುದು ನೀರುಹಕ್ಕಿಗಳ ಮಾತು. ಹಾರ್ಬರ್ ಲೈನಿನ ಗಾಡಿಯಲ್ಲಿ ದಿನವೂ ಓಡಾಡುವ ನಮ್ಮ ಬಾಂಧವರಲ್ಲಿ ಎಷ್ಟೋ ಮಂದಿ, ಶಿವಡಿ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲೇ ಈ ಅತಿಥಿಗಳ ಸಂತೆ ನೆರೆಯುತ್ತದೆಂಬುದನ್ನು ಅರಿಯರು. ಹೆಚ್ಚು ಖರ್ಚಿಲ್ಲದೆ ಒಂದು ರವಿವಾರವನ್ನು ಸಾರ್ಥಕವಾಗಿ ಕಳೆಯಬೇಕೆನ್ನುವವರಿಗಾಗಿ ಈ ನಾಲ್ಕು ಮಾತು.

ಏಕೆ ಬರುತ್ತವೆ?

ಹಕ್ಕಿಗಳು ಚಳಿಗೆ ಹೆದರಿ ಬರುತ್ತವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಅದು ಅರ್ಧ ಸತ್ಯ. ಚಳಿಯನ್ನು ತಡೆಯಲು ಅವುಗಳಿಗೆ ಗರಿಯ ಹೊದಿಕೆಯುಂಟು. ಆದರೆ ಸೈಬೀರಿಯ, ಮಧ್ಯ ಏಷ್ಯ, ಲಡಾಖಗಳಲ್ಲಿ ಕೆರೆ ಕುಂಟೆಗಳು ಹೆಪ್ಪುಗಟ್ಟಿದಾಗ ಕೊಕ್ಕು ನೆಲಕ್ಕಿಳಿಯುವುದಿಲ್ಲ, ಹುಳುಹುಪ್ಪಟೆ ಸಿಗುವುದಿಲ್ಲ. ಚಳಿಗಿಂತ ಹಸಿವೆಯೇ ಅವುಗಳನ್ನು ತೆಂಕಣಕ್ಕೆ ಅಟ್ಟುತ್ತದೆ.

ರಾಜಹಂಸಗಳ ಕಥೆ ಬೇರೆ. ಅವು ಅಷ್ಟು ದೂರದವಲ್ಲ. ಗುಜರಾತದ ಕಚ್ಛದ ರಣದಲ್ಲಿ ಮಳೆನೀರು ನಿಂತಾಗ ಗೂಡು ಕಟ್ಟಿ ಮರಿ ಮಾಡುತ್ತವೆ. ಸುಮಾರು ನವೆಂಬರಿನಿಂದ ಮೇ ತಿಂಗಳವರೆಗೆ ಮುಂಬಯಿಯಲ್ಲಿ ಕಾಣಸಿಗುತ್ತವೆ. ಇವುಗಳಲ್ಲಿ ಎರಡು ಜಾತಿ. ದೊಡ್ಡದು ಎತ್ತರ, ಮೈ ಬಿಳುಪು, ತಿಳಿಗೆಂಪು ಕೊಕ್ಕಿನ ತುದಿ ಕಪ್ಪು. ಕಿರಿದು ಗಿಡ್ಡ, ಬಣ್ಣದಲ್ಲಿ ಹೆಚ್ಚು ಗುಲಾಬಿ, ಕೊಕ್ಕು ಕಡುಗೆಂಪು. ಈ ಗುಲಾಬಿ ಬಣ್ಣ ಹುಟ್ಟಿನಿಂದ ಬಂದುದಲ್ಲ, ಉಣಿಸಿನಿಂದ ಬಂದುದು. ಮರಿಗಳು ಬೂದು ಬಣ್ಣದವು. ತಿನ್ನುವ ಪಾಚಿ, ಸಿಗಡಿಯಂಥ ಸಣ್ಣ ಜೀವಿಗಳಲ್ಲಿರುವ ವರ್ಣದ್ರವ್ಯ ಗರಿಗೆ ಏರುತ್ತದೆ. ತಲೆ ಕೆಳಗೆ ಮಾಡಿ, ಕೊಕ್ಕನ್ನು ಬುಡಮೇಲಾಗಿ ನೀರಿನಲ್ಲಿಟ್ಟು, ನಾಲಗೆಯಿಂದ ನೀರು ಎಳೆದು ಹೊರಹಾಕಿ, ಜರಡಿ ಹಿಡಿದಂತೆ ಆಹಾರವನ್ನು ಸೋಸಿಕೊಳ್ಳುತ್ತವೆ.

ಕೆಸರಿನ ಅನ್ನಛತ್ರ

ಶಿವಡಿಯ ದಂಡೆ ಮೊದಲ ನೋಟಕ್ಕೆ ಮನಸ್ಸಿಗೆ ಹಿಡಿಸುವಂಥದಲ್ಲ. ಎತ್ತ ನೋಡಿದರೂ ಕರಿಯ ಕೆಸರು, ತುಕ್ಕು ಹಿಡಿದ ಹಡಗುಗಳು. ಆದರೆ ಹಕ್ಕಿಗಳ ಪಾಲಿಗೆ ಆ ಕೆಸರೇ ಅನ್ನಛತ್ರ. ದಂಡೆಯ ಕಾಂಡ್ಲ ಗಿಡಗಳ ಎಲೆ ಕೊಳೆತು ಗೊಬ್ಬರವಾಗಿ, ಅದರಲ್ಲಿ ಪಾಚಿ, ಹುಳು, ಏಡಿ, ಕಪ್ಪೆಚಿಪ್ಪು ಬೆಳೆಯುತ್ತವೆ.

ಈ ಛತ್ರದಲ್ಲಿ ಉಣ್ಣುವವರ ಕೊಕ್ಕುಗಳನ್ನು ಗಮನಿಸಬೇಕು. ಗುಬ್ಬಿಯಷ್ಟೇ ಇರುವ ಪುಟ್ಟ ಗೊರವ ಕೆಸರಿನ ಮೇಲ್ಮೈಯನ್ನು ಕುಟುಕುತ್ತ ಓಡಾಡುತ್ತದೆ. ಕೆಂಪು ಕಾಲಿನ ಗೊರವ ಅದಕ್ಕಿಂತ ಸ್ವಲ್ಪ ಆಳಕ್ಕೆ ಕೊಕ್ಕಿಳಿಸುತ್ತದೆ. ಕರಿಬಾಲದ ಹಿನ್ನೀರ ಗೊರವದ ಉದ್ದನೆಯ ನೇರ ಕೊಕ್ಕು ಇನ್ನೂ ಕೆಳಗಿಳಿಯುತ್ತದೆ. ಕುಡುಗೋಲಿನಂತೆ ಬಾಗಿದ ಕೊಕ್ಕಿನ ದೊಡ್ಡ ಗೊರವ ಬಿಲದಲ್ಲಿ ಅಡಗಿದ ಏಡಿಯನ್ನೇ ಎಳೆದು ತೆಗೆಯುತ್ತದೆ. ಒಂದೇ ಪಂಕ್ತಿಯಲ್ಲಿ ಕುಳಿತರೂ ಒಬ್ಬರ ಎಲೆಗೆ ಇನ್ನೊಬ್ಬರು ಕೈ ಹಾಕುವುದು ಕಡಿಮೆ.

ಹೋಗುವ ವೇಳೆ

ಇಲ್ಲಿ ಗಡಿಯಾರಕ್ಕಿಂತ ಸಮುದ್ರವನ್ನು ಕೇಳಬೇಕು. ಭರತ ಪೂರ್ಣ ಏರಿದಾಗ ಕೆಸರು ಮುಚ್ಚಿಹೋಗುತ್ತದೆ. ಪೂರ್ಣ ಇಳಿದಾಗ ಹಕ್ಕಿಗಳು ಬಹುದೂರ ಸರಿದು ಚುಕ್ಕೆಗಳಾಗುತ್ತವೆ. ಪೂರ್ಣ ಭರತಕ್ಕೆ ಎರಡು ಮೂರು ತಾಸು ಮುಂಚೆ ಅಥವಾ ಅಷ್ಟೇ ತಾಸು ಅನಂತರ ಹೋದರೆ ಅವು ದಂಡೆಯ ಸಮೀಪದಲ್ಲಿರುತ್ತವೆ. ಭರತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಆದ್ದರಿಂದ ಈ ರವಿವಾರ ಮಧ್ಯಾಹ್ನ ಭರತವಿದ್ದರೆ ಬರುವ ರವಿವಾರ ಆ ಹೊತ್ತಿಗೆ ಇಳಿತವಿರುತ್ತದೆ. ಅದರ ಮುಂದಿನ ರವಿವಾರ ಹೆಚ್ಚುಕಡಿಮೆ ಮತ್ತೆ ಅದೇ ವೇಳೆಗೆ ಭರತ. ವಾರಕ್ಕೊಂದೇ ರಜೆಯಿರುವವರು ಇಷ್ಟು ಲೆಕ್ಕವಿಟ್ಟುಕೊಂಡರೆ ಬರಿಗಣ್ಣಿನಿಂದ ಮರಳಬೇಕಾಗಿಲ್ಲ. ನಿತ್ಯದ ವೇಳೆ ಮೊಬೈಲಿನಲ್ಲೂ ಸಿಗುತ್ತದೆ.

ಭೀಮೆಯ ಹಿನ್ನೀರು

ಪುಣೆಯವರಿಗೆ ಭಿಗವಣವಿದೆ. ಭೀಮಾ ನದಿಗೆ ಕಟ್ಟಿದ ಉಜನಿ ಅಣೆಕಟ್ಟು 1980ರಲ್ಲಿ ಮುಗಿಯಿತು. ಅದರ ಹಿನ್ನೀರು ಭಿಗವಣದ ಹಳ್ಳಿಗಳ ತನಕ ಹರಡಿದೆ. ಸೊಲ್ಲಾಪುರ, ಕಲಬುರಗಿ ಕಡೆಯ ನಮ್ಮವರು ಊರಿಗೆ ಹೋಗುವ ರೈಲು ಇದೇ ಭಿಗವಣದ ಮೇಲೆ ಹಾಯುತ್ತದೆ. ಮಳೆಗಾಲದಲ್ಲಿ ತುಂಬಿದ ನೀರು ಬೇಸಾಯಕ್ಕೆ ಹರಿದು ಇಳಿಯತೊಡಗಿದಾಗ ಅಂಚಿನ ಹಸಿನೆಲ ತೆರೆದುಕೊಳ್ಳುತ್ತದೆ. ಆದಕಾರಣ ಜನವರಿಯಿಂದ ಮಾರ್ಚಿನವರೆಗಿನ ಕಾಲ ಇಲ್ಲಿ ಉತ್ತಮ. ಊರ ಬೆಸ್ತರೇ ದೋಣಿಯಲ್ಲಿ ಕೂರಿಸಿಕೊಂಡು ತೋರಿಸುತ್ತಾರೆ.

ಇಲ್ಲಿ ತಪ್ಪದೆ ನೋಡಬೇಕಾದುದು ಪಟ್ಟೆತಲೆ ಹೆಬ್ಬಾತು. ಬಿಳಿಯ ತಲೆಯ ಹಿಂದೆ ಎರಡು ಕರಿಯ ಪಟ್ಟೆಗಳಿಂದ ಗುರುತು ಸಿಗುತ್ತದೆ. ಟಿಬೆಟ್, ಮಂಗೋಲಿಯಗಳಿಂದ ಹಿಮಾಲಯವನ್ನೇ ದಾಟಿ ಬರುವ ಹಕ್ಕಿ ಇದು. ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ನೋಡಿದಾಗ ಕೆಲವು 7,000 ಮೀಟರಿಗೂ ಮಿಕ್ಕಿ ಏರಿದ್ದು ಗೊತ್ತಾಗಿದೆ. ಅಷ್ಟು ಎತ್ತರದ ತೆಳುಗಾಳಿಯಲ್ಲಿ ಮನುಷ್ಯ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಾನೆ. ಈ ಹಕ್ಕಿಯ ರಕ್ತ ಅಲ್ಲಿಯೂ ಪ್ರಾಣವಾಯುವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದೇ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತವೆ. ಆ ಕೆರೆಗೆ 2024ರಲ್ಲಿ ರಾಮ್ಸಾರ್ ಒಪ್ಪಂದದ ಜಾಗತಿಕ ಮನ್ನಣೆ ದೊರೆಯಿತು.

ಛತ್ರ ಉಳಿದೀತೆ?

ಠಾಣೆ ಖಾರಿಯ ಸುಮಾರು 1,690 ಹೆಕ್ಟೇರು ಪ್ರದೇಶವನ್ನು 2015ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಸಾರಲಾಯಿತು. 2022ರಲ್ಲಿ ಅದಕ್ಕೂ ರಾಮ್ಸಾರ್ ಮನ್ನಣೆ ಬಂತು. ಆದರೆ ಶಿವಡಿಯ ಕೆಸರು ಈ ಅಭಯಾರಣ್ಯದ ಎಲ್ಲೆಯೊಳಗೆ ಸೇರಿಲ್ಲ. 2024ರ ಜನವರಿಯಲ್ಲಿ ತೆರೆದ ಸಮುದ್ರ ಸೇತುವೆ ಆ ಕೆಸರಿನ ಮೇಲೆಯೇ ಹಾದುಹೋಗಿದೆ. ಊಟದ ಎಲೆಯನ್ನು ಕಾಯ್ದರಷ್ಟೇ ಸಾಲದು, ಮಲಗಲು ಚಾಪೆಯೂ ಬೇಕು. ಭರತ ಏರಿ ಕೆಸರು ಮುಚ್ಚಿದಾಗ ಈ ಹಕ್ಕಿಗಳು ವಿಶ್ರಾಂತಿಗಾಗಿ ನವಿ ಮುಂಬಯಿಯ ಕೆರೆ, ಜೌಗುಗಳಿಗೆ ಹಾರುತ್ತವೆ. ಅಲ್ಲಿಗೆ ಖಾರಿಯ ನೀರು ಬರುವ ದಾರಿ ಮುಚ್ಚಿದರೆ, ಮಣ್ಣು ತುಂಬಿ ಕಟ್ಟಡ ಎದ್ದರೆ, ಅವುಗಳಿಗೆ ಕಾಲೂರಲು ನೆಲೆಯಿಲ್ಲ. 2024ರ ಮೇ 20ರ ರಾತ್ರಿ ಘಾಟ್‌ಕೋಪರದ ಮೇಲೆ ವಿಮಾನಕ್ಕೆ ಸಿಕ್ಕಿ 39 ರಾಜಹಂಸಗಳು ಸತ್ತು ಬಿದ್ದವು. ನೆಲೆ ತಪ್ಪಿದ ಹಿಂಡು ಎತ್ತ ಹಾರೀತೆಂಬ ಚಿಂತೆ ಅಂದು ಎಷ್ಟೋ ಮಂದಿಯನ್ನು ಕಾಡಿತು.

ನಮ್ಮಿಂದ ಆಗುವುದೇನು?

ಹಕ್ಕಿ ನೋಡಲು ದುರ್ಬೀನು ಇದ್ದರೆ ಒಳ್ಳೆಯದು. ನಾಲ್ವರು ಕೂಡಿ ಒಂದನ್ನು ಕೊಂಡರೂ ಸಾಕು. ಕಣ್ಣು ಕುಕ್ಕುವ ಬಟ್ಟೆ ಬೇಡ. ಕಲ್ಲೆಸೆದು ಹಿಂಡನ್ನು ಎಬ್ಬಿಸಬಾರದು. ಒಮ್ಮೆ ಎದ್ದ ಹಿಂಡು ದೂರದ ಪ್ರಯಾಣಕ್ಕೆ ಕೂಡಿಟ್ಟ ಕೊಬ್ಬನ್ನು ವೃಥಾ ಕರಗಿಸುತ್ತದೆ. ಹೆಸರುಗಳನ್ನು ಕಲಿಯಲು ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ನೆರವಾಗುತ್ತದೆ. ಸಾಲಿಂ ಅಲಿಯವರ ಹಕ್ಕಿಗಳ ಪುಸ್ತಕ 1941ರಲ್ಲಿ ಮೊದಲು ಹೊರಬಂದುದು. ಇಂದಿಗೂ ಜನ ಅದನ್ನು ಕೈಯಲ್ಲಿ ಹಿಡಿದು ನಡೆಯುತ್ತಾರೆ.

ಜೊತೆಗೊಂದು ನೋಟುಬುಕ್ಕು ಇರಲಿ. ತಾರೀಖು, ಸ್ಥಳ, ವೇಳೆ, ಯಾವ ಹಕ್ಕಿ, ಎಷ್ಟು ಎಂದು ಬರೆಯಬೇಕು. ದೊಡ್ಡ ಹಿಂಡಾದರೆ ಮೊದಲು ಹತ್ತನ್ನು ಎಣಿಸಿ, ಅಂಥ ಹತ್ತುಗಳು ಎಷ್ಟೆಂದು ಅಂದಾಜು ಮಾಡಬೇಕು. ಏಷ್ಯದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆದು ಬಂದಿದೆ. ಅದನ್ನು ನಡೆಸುವವರು ಹೆಚ್ಚಾಗಿ ನಮ್ಮಂಥ ಸಾಮಾನ್ಯರೇ. ಒಂದು ಕೆರೆಯನ್ನು ಮುಚ್ಚಲು ಹೊರಟಾಗ ‘ಇಲ್ಲಿ ಹಕ್ಕಿಗಳೇ ಇಲ್ಲ’ ಎಂಬ ಮಾತಿಗೆ ಉತ್ತರ ಕೊಡುವುದು ಇಂಥ ವರ್ಷ ವರ್ಷದ ಅಂಕಿಗಳು. ಲೆಕ್ಕ ಬರೆಯುವುದು ನಮ್ಮಲ್ಲಿ ಅನೇಕರ ಕಸುಬು. ಆರು ದಿನ ಅನ್ಯರ ಲೆಕ್ಕ ಬರೆಯುವ ಕೈ, ಏಳನೆಯ ದಿನ ಈ ಅತಿಥಿಗಳ ಲೆಕ್ಕವನ್ನೂ ಒಂದಿಷ್ಟು ಬರೆಯಲಿ.