ವಿಮಾನದ ಮಿಶ್ರ ಇಂಧನದ ಸ್ನಿಗ್ಧತೆಯನ್ನು ಮುಂದಾಗಿ ಗಣಿಸುವ ಕ್ರಮ

ಬೀಜದ ಎಣ್ಣೆಯಿಂದಾದ ಇಂಧನವು ವಿಮಾನಕ್ಕೂ ಒದಗುವುದೆಂಬುದು ಭಾರತದಲ್ಲಿ 2018ನೆಯ ಇಸವಿ ಆಗಸ್ಟ್ 27ರಂದು ಸಿದ್ಧಪಟ್ಟಿತು. ಅಂದು ಕಾಡುಹರಳಿನ ಎಣ್ಣೆಯಿಂದ ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯವರ ಕ್ರಮದಂತೆ ತಯಾರಿಸಿದ ಇಂಧನವನ್ನು ಬೆರೆಸಿಕೊಂಡು, ಒಂದು ವಿಮಾನವು ಆ ಊರಿನಿಂದ ದೆಹಲಿಗೆ ಹಾರಿತು. ಗಾಣದ ಎಣ್ಣೆಯನ್ನು ಇದ್ದಂತೆಯೇ ಉಪಯೋಗಿಸುವುದಲ್ಲ. ಜಲಜನಕದಿಂದ ಸಂಸ್ಕರಿಸಿ, ಕಲ್ಲೆಣ್ಣೆಯ ಇಂಧನದೊಡನೆ ನೂರಕ್ಕೆ 50 ಪಾಲು ಮೀರದಂತೆ ಬೆರೆಸತಕ್ಕದ್ದು.

ಸ್ನಿಗ್ಧತೆಯೆಂದರೆ ದ್ರವವು ಹರಿಯುವುದಕ್ಕೆ ತನ್ನೊಳಗೇ ಇರುವ ತಡೆ. ಆಕಾಶದ ಎತ್ತರದಲ್ಲಿ ಶೀತವು ಅತಿಶಯವಾದುದು. ಅಲ್ಲಿ ಇಂಧನವು ಮಂದವಾದರೆ ನುಣ್ಣನೆಯ ತುಂತುರಾಗದು. ನಿಂತ ಯಂತ್ರವು ಪುನಃ ಹೊತ್ತಿಕೊಳ್ಳುವುದು ಕಷ್ಟ. ಆದುದರಿಂದ ಸೊನ್ನೆಗಿಂತ 20 ಡಿಗ್ರಿ ಸೆಂಟಿಗ್ರೇಡ್ ಕೆಳಗಣ ಶೀತದಲ್ಲಿ ಸ್ನಿಗ್ಧತೆಯು 8 ಸೆಂಟಿಸ್ಟೋಕನ್ನು ಮೀರಕೂಡದೆಂದು ನಿಯಮವಿದೆ.

ಮಿಶ್ರಣದ ಸ್ನಿಗ್ಧತೆಯು ಸಾಮಾನ್ಯ ಸರಾಸರಿಯಿಂದ ತಿಳಿಯದು. ಜೋನಿಬೆಲ್ಲಕ್ಕೆ ತುಸು ನೀರು ಸೇರಿದರೂ ಅದು ಬಹಳ ತೆಳ್ಳಗಾಗುವುದಷ್ಟೆ. ಹಾಗೆಯೇ 2 ಮತ್ತು 8 ಸೆಂಟಿಸ್ಟೋಕಿನ ಇಂಧನಗಳನ್ನು ಸಮಭಾಗವಾಗಿ ಬೆರೆಸಿದರೆ ಸರಾಸರಿಯಾದ 5 ಬಾರದು. ಅವೆರಡರ ಗುಣಲಬ್ಧವಾದ 16ರ ವರ್ಗಮೂಲ, ಅಂದರೆ 4ರ ಸಮೀಪಕ್ಕೆ ಬರುವುದು. ಭಾಗಗಳು ಸಮವಲ್ಲದಿದ್ದರೆ ಲಾಗರಿತಮ್ ಕೋಷ್ಟಕದಿಂದ ಗಣಿಸುವರು.

ಈ ಗಣನೆಯಿಂದ ಯಾವ ಪ್ರಮಾಣದ ಮಿಶ್ರಣವನ್ನು ಪರೀಕ್ಷಿಸಬೇಕೆಂಬುದು ಗೊತ್ತಾಗುವುದು. ಕೊನೆಯ ನಿರ್ಣಯವು ಪ್ರಯೋಗಶಾಲೆಯದೇ. ಆದಕಾರಣ, ತಮ್ಮ ಬೀಜದ ಎಣ್ಣೆಯು ತೆಳ್ಳಗಿದೆಯೆಂಬ ಮಾತ್ರಕ್ಕೆ ವಿಮಾನಕ್ಕೆ ಸಲ್ಲುವುದೆಂದು ಜಮೀನುದಾರರು ಭಾವಿಸಬಾರದು. ಕೊಳ್ಳುವವರೊಡನೆ ಬರಹದ ಕರಾರು ಆದ ತರುವಾಯವೇ ಇಂಥ ಬೆಳೆಗೆ ಭೂಮಿಯನ್ನು ತೊಡಗಿಸುವುದು ಕ್ಷೇಮ.